ಉಪ್ಪಿನಕಾಯಿ ಸೇರಿದರೆ ಹತ್ತು

ಅವತ್ತು ಎಲೆಯ ಮೇಲೆ ಒಂಬತ್ತು ಪದಾರ್ಥ ಇದ್ದವೋ ಹತ್ತೋ, ಬೈಬಲ್ ಮುಟ್ಟಿ ಹೇಳು ಅಂದರೂ ಈಗ ನಾನು ಹೇಳಲಾರೆ. ನನ್ನ ದಿನಚರಿಯಲ್ಲಿ ಒಂಬತ್ತು ಅಂತಿದೆ. ಆದರೆ ಅದನ್ನು ಬರೆದದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಅಮ್ಮ ಒಂಬತ್ತು ಅಂತ ನನ್ನ ಕಿವಿಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಬರೆದದ್ದು ನನ್ನ ಕಣ್ಣು ಕಂಡದ್ದನ್ನೋ ಕಿವಿ ಕೇಳಿದ್ದನ್ನೋ ತಿಳಿಯದು. ಬೇರೆ ಒಂದೆರಡು ಸಂಗತಿಗಳಲ್ಲೂ ನಾನು ತಪ್ಪಿರಬಹುದು. ಅದರಲ್ಲಿ ಒಂದು ತಪ್ಪಾಗಿದ್ದರೆ ಮಾತ್ರ ಈ ಬರಹ ಪೂರ್ತಿ ತಲೆಕೆಳಗಾಗುತ್ತದೆ. ಅದು ಯಾವುದೆಂದು ಆಮೇಲೆ ಹೇಳುತ್ತೇನೆ.

ಜಗಳ ಆದದ್ದು ತೆನೆ ಹಬ್ಬದ ಊಟದಲ್ಲಿ. ಸೆಪ್ಟೆಂಬರ್ ಎಂಟು, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ, ಮನೆಗೆ ತಂದು, ಕಾಳು ಸುಲಿದು, ತೆಂಗಿನ ಹಾಲಿನ ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಉಣ್ಣಬೇಕು. ಅವತ್ತು ಮೀನಿಲ್ಲ, ಮಾಂಸವಿಲ್ಲ. ವರ್ಷಕ್ಕೊಂದು ದಿನ ನಾವು ಬಾಳೆ ಎಲೆಯ ಮುಂದೆ ಮಠದ ಸ್ವಾಮಿಗಳ ಹಾಗೆ ಕುಳಿತು, ಮನಸ್ಸಿನಲ್ಲಿ ಮಾರನೆಯ ದಿನದ ಬಂಗುಡೆಯನ್ನು ನೆನೆಯುತ್ತೇವೆ. ಎಲೆಯ ಮೇಲಿನ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು: ಐದು, ಏಳು, ಒಂಬತ್ತು, ಅವರವರ ತಾಕತ್ತು. ಸುಲಿದ ಕಾಳೂ ಬೆಸ. ಯಾಕೆ ಅಂತ ಬೈಬಲ್ಲಿನಲ್ಲಿ ಎಲ್ಲೂ ಬರೆದಿಲ್ಲ. ಬರೆದಿಲ್ಲದ ನಿಯಮಗಳನ್ನೇ ನಮ್ಮ ಜನ ಹೆಚ್ಚು ನಿಷ್ಠೆಯಿಂದ ಪಾಲಿಸುವುದು. ಬರೆದಿರುವ ಹತ್ತರ ಬಗ್ಗೆ ಸ್ವಲ್ಪ ಉದಾರಿಗಳು.

ಮಾಮ, ಅಂದರೆ ಅಮ್ಮನ ತಮ್ಮ, ನಮ್ಮ ವಾರ್ಡಿನ ಗುರಿಕಾರ. ಚರ್ಚಿಗೆ ಸೇರಿದ ನಮ್ಮ ಸುತ್ತಿನ ಮೂವತ್ತು ಮನೆಗಳ ಸಾವು, ಮದುವೆ, ಜಪಸರ, ಪ್ಲಾಸ್ಟಿಕ್ ಕುರ್ಚಿ ಎಲ್ಲಕ್ಕೂ ಅವರೇ ಜವಾಬ್ದಾರರು. ಆ ವರ್ಷ ಊಟಕ್ಕೆ ಕುಳಿತವರು ಎಲೆಯನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಎಣಿಸಿದರು. ಕೆಸುವಿನ ದಂಟು, ಕಳಲೆ, ಬೆಂಡೆ, ಹೀರೆ, ಅಲಸಂದೆ, ಹಾಗಲ... ಕೊನೆಗೆ ಬೆರಳು ಉಪ್ಪಿನಕಾಯಿಯ ಮೇಲೆ ನಿಂತಿತು.

"ಅಕ್ಕ, ಇದು ಹತ್ತು."

"ಒಂಬತ್ತು. ಉಪ್ಪಿನಕಾಯಿ ಯಾರಾದ್ರೂ ಎಣಿಸ್ತಾರೇನೋ?"

"ಎಲೆ ಮೇಲಿರೋದೆಲ್ಲ ಲೆಕ್ಕವೇ. ಉಪ್ಪಿನಕಾಯಿ ಸೇರಿದ್ರೆ ಹತ್ತು. ತೆಗೆದುಬಿಡು, ಒಳ್ಳೇದಲ್ಲ."

"ಹಂಗಾದ್ರೆ ಉಪ್ಪೂ ಇಟ್ಟಿದೀನಿ ನೋಡು. ಉಪ್ಪು ಸೇರಿದ್ರೆ ಹನ್ನೊಂದು. ಉಣ್ಣು ಸುಮ್ನೆ."

ಪಪ್ಪ ನಕ್ಕುಬಿಟ್ಟರು. ಬೇಕಂತಲೇ ಎರಡು ಸಲ ಉಪ್ಪಿನಕಾಯಿ ಹಾಕಿಸಿಕೊಂಡು ಚೀಪಿ ಚೀಪಿ ತಿಂದರು. ಮಾಮ ಮುಖ ಗಂಟಿಕ್ಕಿಕೊಂಡೇ ಎದ್ದರು. ಅಷ್ಟೇ ಆಗಿದ್ದರೆ ಅದನ್ನು ಜಗಳ ಅಂತ ಕರೆಯುವ ಅಗತ್ಯವೇ ಇರಲಿಲ್ಲ. ಮಾಮ ಎಣಿಸುವುದು, ಅಮ್ಮ ಬಯ್ಯುವುದು ಪ್ರತಿ ವರ್ಷದ ಪದ್ಧತಿ. ಆ ವರ್ಷದ ಹತ್ತರ ಕಥೆಯೂ ಒಂದು ವಾರದಲ್ಲೇ ವಾರ್ಡಿಗೆಲ್ಲ ಗೊತ್ತಾಗಿತ್ತು. ಆದರೆ ಅದೇ ವರ್ಷ, ಕ್ರಿಸ್ಮಸ್ಸಿಗೆ ಇನ್ನೂ ಒಂದು ತಿಂಗಳಿರುವಾಗ, ಪಪ್ಪ ಕಣದಲ್ಲಿ ಕುಳಿತಿದ್ದವರು ಕುಳಿತ ಹಾಗೇ ಹೋಗಿಬಿಟ್ಟರು. ಹೃದಯ ಅಂದರು ಡಾಕ್ಟರು.

ಆ ವಾರದ ಬಗ್ಗೆ ನನ್ನ ದಿನಚರಿಯಲ್ಲಿ ಒಂದು ಅಕ್ಷರವೂ ಇಲ್ಲ. ನೆನಪಿನಿಂದಲೇ ಬರೆಯಬೇಕು, ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ನೆನಪಿರುವುದು ಇಷ್ಟು. ಪಪ್ಪನ ದೇಹ ಆಸ್ಪತ್ರೆಯಿಂದ ಬರುವುದಕ್ಕೂ ಮೊದಲೇ ಅಂಗಳಕ್ಕೆ ಕುರ್ಚಿ ಬಂದಿದ್ದವು. ನಾವು ಯಾರನ್ನೂ ಕರೆದಿರಲಿಲ್ಲ. ಒಬ್ಬರು ಗಂಜಿಗೆ ಒಲೆ ಹೂಡಿದರು, ಒಬ್ಬರು ಗುಂಡಿ ತೋಡಿಸಲು ಹೋದರು, ಇಬ್ಬರು ಹೆಂಗಸರು ನಮ್ಮ ಬೀರು ತೆರೆದು ಪಪ್ಪನ ಮದುವೆಯ ಕೋಟು ಹುಡುಕಿದರು. ಹುಡುಕುತ್ತಲೇ ಅಮ್ಮನ ಸೀರೆಗಳನ್ನೂ ಒಂದು ಸುತ್ತು ನೋಡಿದರು, ಅದು ಬೇರೆ ಮಾತು. ಇವರಲ್ಲಿ ಅರ್ಧ ಜನಕ್ಕೆ ಪಪ್ಪನನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಬಂದರು. ನಮ್ಮ ವಾರ್ಡಿನವರು ನಿಮ್ಮನ್ನು ಪ್ರೀತಿಸುತ್ತಾರೆ ಅಂತ ಖಾತ್ರಿ ಕೊಡಲಾರೆ. ನಿಮ್ಮ ಮನೆಗೆ ಬರುತ್ತಾರೆ ಅಂತ ಮಾತ್ರ ಕೊಡಬಲ್ಲೆ. ಇದೆಲ್ಲವನ್ನೂ ನಿಂತು ನಡೆಸುತ್ತಿದ್ದವರು ಮಾಮ.

ಮಣ್ಣಿನ ದಿನ ನಾನು ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಮುಖ ತೊಳೆಯಲು ಹೋಗಿದ್ದೆ. ಗೋಡೆಯ ಆಚೆ ನಾಲ್ಕೈದು ಗಂಡಸರು ನಿಂತು ಸಿಗರೇಟು ಸೇದುತ್ತಿದ್ದರು. ಅವರಲ್ಲೊಬ್ಬರು ಹೇಳಿದರು: "ಅವತ್ತೇ ಹೇಳಿದ್ದು, ಹತ್ತು ಬಡಿಸಬೇಡಿ ಅಂತ. ಕೇಳಿದ್ರಾ?" ನಾನು ಬಗ್ಗಿ ನೋಡಿದಾಗ ಎಲ್ಲರೂ ಬೆನ್ನು ಹಾಕಿ ನಿಂತಿದ್ದರು. ಎಲ್ಲರದ್ದೂ ಕಪ್ಪು ಕೋಟು. ಅದರಲ್ಲಿ ಮಾಮನ ಬೆನ್ನೂ ಇತ್ತು.

ಒಂದು ವಾರದ ಮೇಲೆ ಅಮ್ಮ ಗೋಡೆಗೆ ಒರಗಿ, "ನನ್ನ ತಮ್ಮ ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೇ?" ಅಂದಳು. ನನಗೆ ಆ ಹೊತ್ತಿನಲ್ಲಿ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು. ದೇವರ ಮೇಲೆ ಮಾಡಿಕೊಳ್ಳೋಣವೆಂದರೆ ಆತ ಇಲ್ಲ ಅಂತ ನಾನು ಎಂ.ಎ. ಎರಡನೇ ವರ್ಷದಲ್ಲೇ ತೀರ್ಮಾನ ಮಾಡಿಯಾಗಿತ್ತು. ಹಾಗಾಗಿ ಹೇಳಿದೆ: "ನಿನ್ನ ತಮ್ಮನೇ ಹಿತ್ತಲಲ್ಲಿ ಏನು ಹೇಳ್ತಿದ್ರು ಗೊತ್ತಾ?"

ಹೇಳಿದೆ. ಯಾರೋ ಒಬ್ಬರು ಅಂದರು ಅಂತ ಹೇಳಲಿಲ್ಲ. ಮಾಮ ಅಂದರು ಅಂತಲೇ ಹೇಳಿದೆ.

ಅಮ್ಮ ಕೂಗಾಡಲಿಲ್ಲ. ತಮ್ಮನನ್ನು ಕರೆದು ಕೇಳಲೂ ಇಲ್ಲ. ಮರುದಿನದಿಂದ ಮಾತು ಬಿಟ್ಟಳು. ಭಾನುವಾರ ಎಲ್ಲರೂ ಹೋಗುವ ಎರಡನೇ ಪೂಜೆ ಬಿಟ್ಟು ಬೆಳಗಿನ ಮೊದಲ ಪೂಜೆಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು, ಕೊನೆಯ ಹಾಡಿಗೆ ಮುಂಚೆಯೇ ಎದ್ದು ಬರುತ್ತಿದ್ದಳು. ವಾರ್ಡಿನ ಜಪಸರ ಮನೆಯಿಂದ ಮನೆಗೆ ಸುತ್ತುತ್ತದೆ. ನಮ್ಮ ಸರದಿ ಬಂದಾಗ "ಮನೆಗೆ ಬಣ್ಣ ಹೊಡೆಸ್ತಾ ಇದೀವಿ" ಅಂತ ಹೇಳಿ ಕಳಿಸಿದಳು. ಮುಂದಿನ ವರ್ಷವೂ ಬಣ್ಣ. ಅದರ ಮುಂದಿನ ವರ್ಷವೂ ಬಣ್ಣ. ಅಷ್ಟು ಬಣ್ಣ ಅರಮನೆಗೂ ಬೇಕಾಗಲಿಕ್ಕಿಲ್ಲ.

ಮೂರು ವರ್ಷ ಅವಳು ಸಂಜೆ ಒಬ್ಬಳೇ ಜಪಸರ ಹೇಳಿದಳು. ಈ ಪ್ರಾರ್ಥನೆ ಒಬ್ಬರಿಗಾಗಿ ಮಾಡಿದ್ದಲ್ಲ. ಪ್ರತಿ ಮಣಿಗೂ ಮೊದಲರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಮಿಕ್ಕವರು ಎತ್ತಿಕೊಳ್ಳಬೇಕು. ಅಮ್ಮ "ನಮೋ ಮರಿಯಾ" ಅಂತ ಶುರುಮಾಡಿ ತನ್ನ ಅರ್ಧ ಮುಗಿಸುತ್ತಿದ್ದಳು. ಆಮೇಲೆ ಸುಮ್ಮನಾಗುತ್ತಿದ್ದಳು. ಇನ್ನೊಬ್ಬರು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಆಮೇಲೆ ಮುಂದಿನ ಮಣಿ. ಐವತ್ತು ಸಲ ಹೇಳುವುದು, ಐವತ್ತು ಸಲ ಕಾಯುವುದು. ಮೊದಲು ಸ್ವಲ್ಪ ಜೋರಾಗಿ ಹೇಳುತ್ತಿದ್ದವಳ ದನಿ ಮೂರನೇ ವರ್ಷದ ಹೊತ್ತಿಗೆ ಪಕ್ಕದ ಕೋಣೆಗೂ ಸರಿಯಾಗಿ ಕೇಳುತ್ತಿರಲಿಲ್ಲ. ಊಟ ಕಡಿಮೆಯಾಯಿತು. ಕನ್ನಡಕ ಎಲ್ಲಿಟ್ಟೆ ಅಂತ ಕೇಳುವುದಕ್ಕೂ ನನ್ನನ್ನು ಕರೆಯುವುದು ಬಿಟ್ಟಳು.

ಪಕ್ಕದ ಕೋಣೆಯಲ್ಲಿ ಇದ್ದವಳು ನಾನೇ. ಆಲೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. "ಸಮುದಾಯವನ್ನು ಒಗ್ಗೂಡಿಸುವಲ್ಲಿ ಧರ್ಮದ ಪಾತ್ರವನ್ನು ವಿವರಿಸಿ" ಎಂಬ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳಿಗೆ ಕೆಂಪು ಪೆನ್ನಿನಲ್ಲಿ ಐದಕ್ಕೆ ಮೂರು, ಐದಕ್ಕೆ ಎರಡೂವರೆ ಹಾಕುತ್ತ ಕೂತಿರುತ್ತಿದ್ದೆ. ಗೋಡೆಯ ಆಚೆ ನನ್ನ ತಾಯಿ ಅರ್ಧ ಪ್ರಾರ್ಥನೆ ಹೇಳಿ ಕಾಯುತ್ತಿದ್ದಳು. ಉಳಿದರ್ಧ ನನಗೆ ಬಾಯಿಪಾಠ ಬರುತ್ತಿತ್ತು. ನಾನು ಹೇಳಲಿಲ್ಲ. ನಂಬದೇ ಇರುವುದನ್ನು ಹೇಳುವುದು ಅಪ್ರಾಮಾಣಿಕ ಅನ್ನಿಸುತ್ತಿತ್ತು. ಪ್ರಾಮಾಣಿಕತೆಯ ಬಗ್ಗೆ ನನಗೆ ಇಷ್ಟು ಕಾಳಜಿ ತೊಟ್ಟಿಯ ಹತ್ತಿರ ಕೇಳಿದ ಮಾತನ್ನು ಅಮ್ಮನಿಗೆ ದಾಟಿಸುವಾಗ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಭತ್ತದ ಮಾತು.

ತೆನೆ ಹಬ್ಬ ಕರಾವಳಿಯದ್ದು. ಅಲ್ಲಿ ಸೆಪ್ಟೆಂಬರಿಗೆ ಗದ್ದೆಯಲ್ಲಿ ತೆನೆ ತೂಗುತ್ತಿರುತ್ತದೆ. ನಮ್ಮ ಹಿರಿಯರು ಮಂಗಳೂರು ಕಡೆಯಿಂದ ಎಸ್ಟೇಟ್ ಕೆಲಸಕ್ಕೆ ಘಾಟಿ ಹತ್ತುವಾಗ ದೇವರನ್ನು ತಂದರು, ಒಣಮೀನು ತಂದರು, ಹಬ್ಬದ ತಾರೀಕು ತಂದರು. ಹವಾಮಾನ ತರುವುದನ್ನು ಮರೆತರು. ಸಕಲೇಶಪುರದ ಈ ಗುಡ್ಡಗಳಲ್ಲಿ ಸೆಪ್ಟೆಂಬರಿಗೆ ಭತ್ತ ಇನ್ನೂ ಹುಲ್ಲು. ಹೀಗಾಗಿ ನಮ್ಮ ಊರಿನ ಮೊದಲ ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳಲು ನಾವು ಬೇರೆ ಊರಿನ ಬೆಳೆಯನ್ನು ಬಸ್ಸಿನಲ್ಲಿ ತರಿಸುತ್ತೇವೆ. ಹಬ್ಬದ ಹಿಂದಿನ ದಿನ ಶಿರಾಡಿ ಘಾಟಿ ಹತ್ತಿ ಬರುವ ಬಸ್ಸಿನ ತಲೆಯ ಮೇಲೆ ತೆನೆಯ ಕಟ್ಟು. ಕೆಳಗೆ ವಾಂತಿ ಮಾಡುತ್ತ ಬಂದ ಜನ. ಬಸ್ ಸ್ಟ್ಯಾಂಡಿನಲ್ಲಿ ಸ್ವಾಗತಕ್ಕೆ ಕಮಿಟಿ.

ಪಪ್ಪನಿಗೆ ಇದು ನಾಚಿಕೆಗೇಡು ಅನ್ನಿಸುತ್ತಿತ್ತು. ಒಂದು ವರ್ಷ ಕರಾವಳಿಯಿಂದ ಬೇಗ ಬರುವ ತಳಿಯ ಬೀಜ ತಂದು ಮೇ ತಿಂಗಳಲ್ಲೇ ಹನ್ನೊಂದು ಖಾಲಿ ಪೇಂಟ್ ಬಕೆಟ್ಟುಗಳಲ್ಲಿ ಬಿತ್ತಿದರು. ಮಳೆ ಹೊಡೆಯಬಾರದೆಂದು ಕಾಫಿ ಕಣದ ಪ್ಲಾಸ್ಟಿಕ್ ಮಾಡಿನ ಕೆಳಗಿಟ್ಟರು. ಹಕ್ಕಿ ಬರಬಾರದೆಂದು ತಮ್ಮ ಮದುವೆಯ ಸೊಳ್ಳೆಪರದೆ ಹೊದಿಸಿದರು. ತೋಟದ ಕೆಲಸಕ್ಕೆ ಬರುವ ಹೆಂಗಸರು ಅದನ್ನು ನೋಡಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಸಾವ್ಕಾರ್ರು ಭತ್ತಕ್ಕೆ ಮಂಚ ಒಂದು ಹಾಕ್ಲಿಲ್ಲ ಕಣ್ರೀ, ಮಿಕ್ಕಿದ್ದೆಲ್ಲ ಮಾಡವ್ರೆ!" ಬಕೆಟ್ಟಿನ ಭತ್ತ ಬರುತ್ತಿತ್ತು, ಅರ್ಧಕ್ಕರ್ಧ ಜೊಳ್ಳು. ಆದರೂ ನಮ್ಮ ಮನೆಯ ಮಟ್ಟಿಗೆ ತೆನೆ ಮನೆಯದ್ದೇ ಆಗಿರುತ್ತಿತ್ತು. ಪಪ್ಪ ಹೋದ ಮೇಲೂ ಅಮ್ಮ ಪ್ರತಿ ಮೇ ತಿಂಗಳು ಯಾರಿಗೂ ಹೇಳದೆ ಹನ್ನೊಂದು ಬಕೆಟ್ಟಿಗೂ ಬೀಜ ಹಾಕುತ್ತಿದ್ದಳು. ನಮ್ಮಿಬ್ಬರಿಗೆ ಒಂದು ತೆನೆ ಸಾಕಿತ್ತು.

ಮೂರನೇ ವರ್ಷ ಹಬ್ಬಕ್ಕೆ ಮೂರು ದಿನ ಇರುವಾಗ ಘಾಟಿ ಕುಸಿಯಿತು. ರಸ್ತೆಯ ಮೇಲೆ ಗುಡ್ಡ, ಎಡಕುಮೇರಿಯ ಹತ್ತಿರ ಹಳಿಯ ಮೇಲೂ ಗುಡ್ಡ. ಬಿಸಿಲೆ ಕಡೆಯಿಂದ ಬರೋಣವೆಂದರೆ ಅಲ್ಲಿ ಮರ ಬಿದ್ದಿತ್ತು. ಮಾಮಿ, ಅಂದರೆ ಮಾಮನ ಹೆಂಡತಿ, ತವರಿಗೆ ಹೋದವರು ಕೆಳಗೇ ಸಿಕ್ಕಿಕೊಂಡರು. ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ತೆನೆ ಸಿಕ್ಕಿಕೊಂಡದ್ದು ದೊಡ್ಡ ಸುದ್ದಿಯಾಯಿತು. ಚರ್ಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಮೊದಲು ನೂರಾರು ಕೈಮುಗಿದ ಚಿತ್ರಗಳು ಬಂದವು. ಅದರಿಂದ ಗುಡ್ಡ ಸರಿಯದಿದ್ದಾಗ ತುರ್ತು ಸಭೆ ಕರೆದರು.

ಆ ಸಭೆಯಲ್ಲಿ ನಾನಿರಲಿಲ್ಲ. ಮೂವರಿಂದ ಮೂರು ರೀತಿ ಕೇಳಿದ್ದೇನೆ, ಮೂರರಲ್ಲೂ ಸಮಾನವಾಗಿರುವುದನ್ನು ಬರೆಯುತ್ತೇನೆ. ಒಬ್ಬರು ಡೆಕೊರೇಷನ್ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಚಿನ್ನದ ಬಣ್ಣದ ತೆನೆ ಸಿಗುತ್ತದೆ, ವರ್ಷ ವರ್ಷವೂ ಉಪಯೋಗಿಸಬಹುದು ಅಂದರು. ಪಾಯಸಕ್ಕೆ ಏನು ಹಾಕುವುದು ಅಂತ ಕೇಳಿದ್ದಕ್ಕೆ ಅದರ ರೇಟು ಹೇಳಿದರು. ನಿವೃತ್ತ ಮೇಷ್ಟ್ರೊಬ್ಬರು ಆಲೂರಿನ ಕಡೆಯ ಗದ್ದೆಯ ರೈತನಿಗೆ ಅಲ್ಲೇ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ತೆನೆಯಾ? ಈಗೆಲ್ಲೈತೆ ತೆನೆ ಮಾರಾಯ! ಪೈರು ಇನ್ನೂ ಮಂಡಿಯುದ್ದ ಐತೆ."

"ಒಂದೆರಡು ಬುಡದಲ್ಲೂ ಬಂದಿಲ್ವಾ?"

"ನಿಮ್ ದೇವ್ರಿಗೆ ಸುಗ್ಗಿ ಗಂಟ ತಡ್ಕಳಕ್ಕೆ ಹೇಳಿ ಮೇಷ್ಟ್ರೇ. ನಮ್ ದೇವ್ರುಗಳೆಲ್ಲ ತಡ್ಕೊಂಡವ್ರೆ."

ಹೊಸದಾಗಿ ಬಂದಿದ್ದ ಫಾದರ್ ಬಯಲುಸೀಮೆಯವರು, ವಯಸ್ಸು ಚಿಕ್ಕದು, ತೆನೆ ಹಬ್ಬ ನೋಡಿದವರೇ ಅಲ್ಲ. "ಯಾವ ಬೆಳೆಯಾದರೇನು? ಇಲ್ಲಿ ಬೆಳೆಯುವುದು ಕಾಫಿ ತಾನೆ? ಒಂದೊಂದು ಕಾಫಿ ರೆಂಬೆ ತನ್ನಿ, ಆಶೀರ್ವಾದ ಮಾಡೋಣ" ಅಂದರಂತೆ. ಆ ದಿನ ಆ ಸಭೆಯಲ್ಲಿ ಬಂದ ಒಂದೇ ಒಂದು ಬುದ್ಧಿವಂತ ಮಾತು ಅದು. ಅದಕ್ಕೇ ಎಲ್ಲರೂ ಗಾಬರಿಯಾದರು. "ಹಸಿ ಕಾಫಿಕಾಯಿ ಪಾಯಸಕ್ಕೆ ಹಾಕೋದಾ ಫಾದರ್?" ಅಂತ ಒಬ್ಬರು ಅಳುವ ದನಿಯಲ್ಲಿ ಕೇಳಿದರಂತೆ.

ಆಗ ಹಿಂದಿನಿಂದ ಯಾರೋ, "ಗುರಿಕಾರ್ರ ಅಕ್ಕನ ಮನೇಲಿ ಬಕೆಟ್ಟಲ್ಲಿ ಭತ್ತ ಐತಲ್ಲ?" ಅಂದರು. ಎಲ್ಲರೂ ಮಾಮನ ಕಡೆ ತಿರುಗಿದರು. ಪಪ್ಪನ ಜೊತೆ ಆ ಬೀಜ ತರಲು ಹೋಗಿದ್ದವರೇ ಮಾಮ. ಬಕೆಟ್ಟಿನ ವಿಷಯ ಅವರಿಗೆ ಸಭೆ ಶುರುವಾಗುವ ಮುಂಚೆಯೇ ನೆನಪಿದ್ದಿರಬೇಕು. ಅವರು ನೆಲ ನೋಡುತ್ತ, "ಐತೆ. ಆದ್ರೆ ಕೇಳೋದು ಯಾರು?" ಅಂದರಂತೆ.

ಕೇಳುವುದು ಯಾರು ಎಂಬ ಪ್ರಶ್ನೆಗೆ ನಮ್ಮ ವಾರ್ಡು ಕಂಡುಕೊಂಡ ಉತ್ತರ ಏನೆಂದರೆ ಎಲ್ಲರೂ. ಮರುದಿನ ಸಂಜೆ ಐದು ಗಂಟೆಗೆ ನಮ್ಮ ಗೇಟಿನಲ್ಲಿ ಜೀಪು ನಿಂತಿತು. ಹಿಂದೆ ಇನ್ನೊಂದು. ಯಸಳೂರು ಬಸ್ಸಿನಿಂದ ಒಂದಷ್ಟು ಜನ ಇಳಿದರು. ಕುರ್ಚಿ ಇಳಿದವು. ಮರಿಯಮ್ಮನವರ ಪ್ರತಿಮೆಯನ್ನು ಒಬ್ಬರು ಮಗುವಿನ ಹಾಗೆ ಎದೆಗೊತ್ತಿ ಹಿಡಿದಿದ್ದರು. ವಾರ್ಡಿನ ಹಿರಿಯಾಕೆ, ಮೈಕಿನ ಅಗತ್ಯವಿಲ್ಲದ ಕಂಠದವರು, ಹೊಸ್ತಿಲಲ್ಲಿ ನಿಂತು, "ಇವತ್ತು ಜಪಸರ ನಿಮ್ಮನೇಲಿ" ಅಂದರು.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮನೆಗೆ ಬಣ್ಣ..."

ಆಕೆ ಅಮ್ಮನ ಭುಜದ ಮೇಲಿಂದ ಒಳಗಿನ ಗೋಡೆಗಳನ್ನು ಒಂದೊಂದಾಗಿ ನೋಡಿದರು. "ಮೂರು ವರ್ಷದಿಂದ ಹೊಡೀತಾ ಇದೀರಲ್ಲಮ್ಮ, ಎಲ್ಲಿ ಹೋಯ್ತು ಬಣ್ಣ? ಬುಡು, ಕಾಲು ನೋಯ್ತಾ ಐತೆ ನಂಗೆ."

ಅಮ್ಮ ಸರಿದು ನಿಂತಳು. ಅವರೆಲ್ಲ ಯಾಕೆ ಬಂದಿದ್ದಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಅಂತ ಅವರಿಗೂ ಗೊತ್ತಿತ್ತು. ಮಾಮ ಒಳಗೆ ಬರಲಿಲ್ಲ. ಅಂಗಳದ ತುದಿಯಲ್ಲಿ, ಮಳೆ ಇಲ್ಲದಿದ್ದರೂ ಕೊಡೆ ಬಿಚ್ಚಿಕೊಂಡು ನಿಂತಿದ್ದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ನಗುತ್ತಿದ್ದೆ. ಹನ್ನೊಂದು ಬಕೆಟ್ಟು ಭತ್ತಕ್ಕಾಗಿ ದೇವಮಾತೆಯನ್ನೇ ಮಧ್ಯಸ್ಥಿಕೆಗೆ ಕರೆತಂದ ಜನ! ಇದನ್ನು ಹಾಗೇ ಬರೆದಿಡಬೇಕು ಅಂದುಕೊಂಡೆ. ಮನೆಯ ಯಜಮಾನಿ ಶುರುಮಾಡಬೇಕೆಂಬ ಪದ್ಧತಿಯಿಂದ ಅಮ್ಮನ ಕೈಗೆ ಜಪಸರ ಕೊಟ್ಟರು. ಅಮ್ಮ ತನ್ನ ಸಣ್ಣ ದನಿಯಲ್ಲಿ ಮೊದಲರ್ಧ ಹೇಳಿದಳು. ಅಭ್ಯಾಸದಂತೆ ಸುಮ್ಮನಾಗಿ ಕಾದಳು.

ಮೂವತ್ತು ಗಂಟಲು ಒಮ್ಮೆಗೇ ಉಳಿದರ್ಧ ಎತ್ತಿಕೊಂಡವು. ಅಮ್ಮ ಬೆಚ್ಚಿಬಿದ್ದಳು. ನಿಜವಾಗಿಯೂ ಬೆಚ್ಚಿದಳು, ಮಣಿ ಕೈಯಿಂದ ಜಾರಿತು. ಇದೊಂದನ್ನು ನಾನು ತಪ್ಪಾಗಿ ನೆನಪಿಟ್ಟಿಲ್ಲ. ಅವರ ಪ್ರಾರ್ಥನೆ ಇಂಪಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಬ್ಬರು ಮುಂದೆ ಓಡುತ್ತಿದ್ದರು, ಒಬ್ಬರು ಹಿಂದೆ ಉಳಿಯುತ್ತಿದ್ದರು, ಮೇಷ್ಟ್ರು ಮೂಗಿನಲ್ಲಿ ಹೇಳುತ್ತಿದ್ದರು, ಯಾರದೋ ಫೋನು ಹೊಡೆದುಕೊಳ್ಳುತ್ತಿತ್ತು. ಆದರೆ ಎರಡನೇ ಮಣಿಗೆ ಅಮ್ಮನ ದನಿ ಸ್ವಲ್ಪ ಏರಿತು. ಐದನೆಯದಕ್ಕೆ ಅಂಗಳಕ್ಕೆ ಕೇಳುವಷ್ಟಾಯಿತು. ಹತ್ತನೆಯ ಮಣಿಯ ಹೊತ್ತಿಗೆ ಅಡುಗೆಮನೆಯ ಬಾಗಿಲಿನಿಂದಲೂ ಒಂದು ದನಿ ಉಳಿದರ್ಧ ಹೇಳುತ್ತಿತ್ತು. ಅದು ನನ್ನದು. ನಾನು ನಂಬಿ ಹೇಳಿದ್ದಲ್ಲ. ಅಷ್ಟು ಜನ ಹೇಳುವಾಗ ಬಾಯಿ ಮುಚ್ಚಿಕೊಂಡಿರುವುದು ನಾನಂದುಕೊಂಡದ್ದಕ್ಕಿಂತ ಕಷ್ಟದ ಕೆಲಸವಾಗಿತ್ತು.

ಪ್ರಾರ್ಥನೆ ಮುಗಿದು, ಚಹಾ ಕುಡಿದು, ಬಾಳೆಹಣ್ಣು ತಿಂದಾಯಿತು. ಭತ್ತದ ಮಾತು ಯಾರೂ ಎತ್ತಲಿಲ್ಲ. ಮೇಷ್ಟ್ರು ಎರಡು ಸಲ ಕೆಮ್ಮಿದರು. ಇನ್ನೊಬ್ಬರು ಈ ವರ್ಷ ಹವೆ ಹೇಗಿದೆ ಅಂದರು. ಅಮ್ಮ ಒಳಗೆ ಹೋಗಿ ಕುಡುಗೋಲು ತಂದು ನನ್ನ ಕೈಗಿಟ್ಟಳು.

"ಕೊಡೆ ಹಿಡ್ಕೊಂಡು ನಿಂತವ್ನಲ್ಲ, ಅವನಿಗೆ ಕೊಡು."

ಕಣದಲ್ಲಿ ಮಾಮ ಸೊಳ್ಳೆಪರದೆ ಎತ್ತಿ ಬಗ್ಗಿದರು. ಅಮ್ಮ ಮೂರಡಿ ದೂರದಲ್ಲಿ ನಿಂತಳು. ನಡುವೆ ನಾನು.

"ಅವನಿಗೆ ಹೇಳು, ಬುಡಕ್ಕೆ ಕೊಯ್ಬೇಡ ಅಂತ."

"ಅಕ್ಕನಿಗೆ ಹೇಳು, ಭತ್ತ ಕೊಯ್ಯೋದು ನಂಗೂ ಗೊತ್ತು ಅಂತ."

"ಗೊತ್ತಿರೋದು ಕಾಣ್ತಾ ಐತೆ ಅಂತ ಹೇಳು. ಪರದೆ ಹರೀತಾವ್ನೆ."

"ಪರದೆ ಮೊದ್ಲೇ ಹರಿದಿತ್ತು. ಭಾವ ತಂದಾಗ್ಲೇ ತೂತು ಇತ್ತು, ಅವತ್ತೇ ಹೇಳಿದ್ದೆ."

ಆ "ಅವತ್ತೇ ಹೇಳಿದ್ದೆ" ಅನ್ನುವ ಮಾತಿಗೆ ಅಮ್ಮ ನನ್ನ ಮುಖ ನೋಡಿದಳು. ಅದೇ ಮಾತೇ? ಅದೇ ದನಿಯೇ? ತೊಟ್ಟಿಯ ಹತ್ತಿರ ಕೇಳಿದ ದನಿಯನ್ನು ಪಕ್ಕದಲ್ಲಿಟ್ಟು ಹೋಲಿಸಲು ಪ್ರಯತ್ನಿಸಿದೆ. ಆ ದನಿ ನನ್ನಲ್ಲಿ ಉಳಿದೇ ಇರಲಿಲ್ಲ. ಮಾತು ಉಳಿದಿತ್ತು, ದನಿ ಇರಲಿಲ್ಲ. ಮೂರು ವರ್ಷದಿಂದ ಆ ಮಾತಿಗೆ ಮಾಮನ ದನಿಯನ್ನು ನಾನೇ ಹಚ್ಚಿಕೊಂಡು ಕೇಳುತ್ತಿದ್ದೆನೋ ಏನೋ. "ಅವತ್ತೇ ಹೇಳಿದ್ದೆ" ಅನ್ನದ ಗಂಡಸು ನಮ್ಮ ವಾರ್ಡಿನಲ್ಲಿ ಒಬ್ಬನೂ ಇಲ್ಲ ಎಂಬುದು ನನಗೆ ಹೊಳೆದದ್ದು ಕೂಡ ಆಗಲೇ.

ಮಾಮ ಇನ್ನೊಂದು ಹಿಡಿ ಕೊಯ್ದರು. ಆಮೇಲೆ ಅಮ್ಮ ನನ್ನನ್ನು ದಾಟಿ ನೇರವಾಗಿ ಅವರಿಗೇ ಹೇಳಿದಳು: "ಆ ಮೂಲೆ ಬಕೆಟ್ಟಿಂದು ಚೆನ್ನಾಗೈತೆ. ಅದನ್ನ ಪೀಠಕ್ಕೆ ಇಡು."

ಹಬ್ಬದ ದಿನ ಮೂರು ವರ್ಷಗಳ ನಂತರ ಅಮ್ಮ ಎಲ್ಲರ ಜೊತೆ ಎರಡನೇ ಪೂಜೆಗೆ ಹೋದಳು. ಮಕ್ಕಳು ಬುಟ್ಟಿಯಿಂದ ಹೂವು ಎರಚುತ್ತ ಮೆರವಣಿಗೆಯಲ್ಲಿ ಬಂದರು. ಅರ್ಧ ಹೂವು ಪ್ರತಿಮೆಗೆ ಬಿತ್ತು, ಅರ್ಧ ಒಬ್ಬರ ಮೇಲೊಬ್ಬರಿಗೆ. ಫಾದರ್ ತಮ್ಮ ಪ್ರವಚನದಲ್ಲಿ, ಈ ಊರಿನ ಫಲವತ್ತಾದ ಮಣ್ಣಿನಲ್ಲಿ ಬೆಳೆದ ತೆನೆ ಎಂದು ಭಾವುಕರಾಗಿ ಹೇಳಿದರು. ಬಕೆಟ್ಟಿನ ಮಾತು ಸಭೆಯಲ್ಲಿ ಅವರ ಎದುರಿಗೇ ಬಂದಿತ್ತು, ಪ್ರವಚನಕ್ಕೆ ಬಕೆಟ್ಟು ಒಗ್ಗಲಿಲ್ಲವೆಂದು ಕಾಣುತ್ತದೆ. ಕೊನೆಯಲ್ಲಿ ಮನೆಗೊಂದೇ ತೆನೆ ಅಂತ ಮೈಕಿನಲ್ಲಿ ಕೂಗಿದರು. ಆಗ ನಮ್ಮ ಭಕ್ತಾದಿಗಳು ಪೀಠದ ಕಡೆ ನುಗ್ಗಿದ ರೀತಿ ನೋಡಿದರೆ ಸ್ವರ್ಗದ ಬಾಗಿಲಲ್ಲಿ ಮುಂದೆ ಏನಾಗಲಿದೆ ಅಂತ ಒಂದು ಅಂದಾಜು ಸಿಗುತ್ತಿತ್ತು. ಒಬ್ಬರು ಮುಚ್ಚಿದ ಕೊಡೆಯೊಳಗೆ ಮೂರು ತೆನೆ ಇಳಿಬಿಟ್ಟದ್ದನ್ನು ನಾನೇ ಕಂಡೆ. ಅಣ್ಣತಮ್ಮಂದಿರಿಬ್ಬರು, ಒಂದೇ ಒಲೆಯವರು, ತಾವೀಗ ಎರಡು ಮನೆ ಅಂತ ಅಲ್ಲೇ ಪಾಲಾದರು.

ಅಮ್ಮ ನುಗ್ಗಲಿಲ್ಲ. ಬೆಂಚಿನಲ್ಲೇ ಕುಳಿತಿದ್ದಳು. ಅವಳ ಹತ್ತಿರ ಬಂದು ಕೈಕುಲುಕಿದವರು ಹಲವರು. ತೆನೆ ತಂದುಕೊಟ್ಟವರಿಲ್ಲ. ಬೆಳೆದವಳ ಮನೆಯಲ್ಲಿ ಇರದೇ ಇರುತ್ತದೆಯೇ ಅಂತ ಎಲ್ಲರೂ ಅಂದುಕೊಂಡಿರಬೇಕು. ಹನ್ನೊಂದು ಬಕೆಟ್ಟಿನಲ್ಲೂ ಕೂಳೆ ಮಾತ್ರ ಉಳಿದಿತ್ತು. ಬರಿಗೈಯಲ್ಲಿ ಮನೆಗೆ ಬಂದೆವು.

"ಒಂದಾದರೂ ಎತ್ತಿಟ್ಟುಕೊಳ್ಳಬಾರದಿತ್ತಾ?" ಅಂದೆ.

"ಮರೆತೇ ಹೋಯ್ತು ಕಣೇ" ಅಂದಳು. ಬೇಸರದಿಂದ ಅಂದ ಹಾಗಿರಲಿಲ್ಲ.

ಅಡುಗೆ ಏಳು ಬಗೆ ಮಾಡಿದ್ದಳು. ಪಾಯಸ ಒಲೆಯಿಂದ ಇಳಿದಿತ್ತು, ಹಾಕಲು ಕಾಳಿಲ್ಲ. ನಾವು ಎಲೆ ಹಾಕುತ್ತಿರುವಾಗ ಮಾಮ ಬಂದರು. ಒಬ್ಬರೇ. ಮಾಮಿ ಇನ್ನೂ ಘಾಟಿಯ ಕೆಳಗೇ ಇದ್ದರು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ತೆನೆ ತೆಗೆದು ಮೇಜಿನ ಮೇಲಿಟ್ಟರು. ಗುರಿಕಾರರಾದ್ದರಿಂದ ಎಲ್ಲರಿಗೂ ಹಂಚಿ ಕೊನೆಗೆ ಉಳಿದದ್ದು ಅವರ ಪಾಲಿಗೆ ಬಂದಿತ್ತು. ಬೀದಿ ಕೋಳಿಯ ಬಾಲದ ಹಾಗಿತ್ತು ಅದು.

"ಮನೆಗೊಂದೇ ಅಲ್ವಾ" ಅಂದರು, ಯಾರಿಗೂ ಅಲ್ಲದ ಹಾಗೆ.

ಅಮ್ಮ ಮೂರನೇ ಎಲೆ ಹಾಕಿದಳು.

ಕಾಳು ಸುಲಿಯುವುದು ಗಂಡಸರಲ್ಲಿ ಹಿರಿಯರ ಕೆಲಸ. ಪಪ್ಪನ ಜಾಗದಲ್ಲಿ ಮಾಮ ಕುಳಿತರು. ಒಂದೊಂದೇ ಕಾಳನ್ನು ಉಗುರಿನಿಂದ ಒತ್ತಿ ನೋಡಿದರು. ಜೊಳ್ಳು. ಜೊಳ್ಳು. ಜೊಳ್ಳು. ಒಂದು ಗಟ್ಟಿ ಸಿಕ್ಕಿತು. ಬಟ್ಟಲಿಗೆ ಹಾಕಿದರು. ಮತ್ತೆ ಜೊಳ್ಳು. ಇಡೀ ತೆನೆ ಮುಗಿಯುವ ಹೊತ್ತಿಗೆ ಮೇಜಿನ ತುಂಬ ಹೊಟ್ಟು, ಬಟ್ಟಲಿನಲ್ಲಿ ನಾಲ್ಕು ಅಕ್ಕಿ. ನಾನು ಅವರ ಎದುರಿಗೇ ಕುಳಿತಿದ್ದೆ. ನನಗೆ ಕಂಡದ್ದು ನಾಲ್ಕು. ಬಟ್ಟಲು ಬಿಳಿಯದು, ಅಕ್ಕಿ ಬಿಳಿಯದು, ಕಿಟಕಿಯ ಬೆಳಕು ಅಷ್ಟಕ್ಕಷ್ಟೇ. ಆದರೂ ನಾಲ್ಕು ಅಂತಲೇ ನನಗನ್ನಿಸುತ್ತದೆ.

ಮಾಮ ಬಟ್ಟಲನ್ನು ಬಹಳ ಹೊತ್ತು ನೋಡಿದರು. ಬಾಳಿನುದ್ದಕ್ಕೂ ಎಲೆಯ ಮೇಲಿನ ಉಪ್ಪಿನಕಾಯಿಯನ್ನೂ ಬಿಡದೆ ಎಣಿಸಿದ ಮನುಷ್ಯ.

"ಐದು" ಅಂದರು.

ಅಮ್ಮ ಅದರ ಹಿಂದಿನ ವರ್ಷವಷ್ಟೇ ಕಣ್ಣಿನ ಪೊರೆ ತೆಗೆಸಿದ್ದಳು. ಪ್ರಾರ್ಥನೆ ಪುಸ್ತಕದ ಒತ್ತಕ್ಷರವೂ ಅವಳಿಗೆ ಕಾಣುತ್ತಿತ್ತು. ಬಗ್ಗಿ ಬಟ್ಟಲು ನೋಡಿದಳು. "ಐದಾ? ಒಳ್ಳೇದಾಯ್ತು" ಅಂತ ಅದನ್ನು ಪಾಯಸಕ್ಕೆ ಸುರಿದುಬಿಟ್ಟಳು. ಇನ್ನು ಯಾರೂ ಎಣಿಸುವಂತಿರಲಿಲ್ಲ.

ಪ್ರಾರ್ಥನೆ ಹೇಳಿ ಊಟಕ್ಕೆ ಕುಳಿತೆವು. ಏಳು ಪದಾರ್ಥ ಬಡಿಸಿಯಾದ ಮೇಲೆ ಅಮ್ಮ ಜಾಡಿ ಹಿಡಿದು ತಮ್ಮನ ಎಲೆಯ ಮುಂದೆ ನಿಂತಳು.

"ಉಪ್ಪಿನಕಾಯಿ?"

"ಹಾಕು."

"ಎಂಟಾಗುತ್ತೆ ನೋಡು."

"ಹಾಕು ಅಂದ್ನಲ್ಲ ಅಕ್ಕ."

ಹಾಕಿದಳು. ಮಾಮ ಎರಡನೇ ಸಲವೂ ಹಾಕಿಸಿಕೊಂಡರು. ಚೀಪಿ ಚೀಪಿ ತಿಂದರು. ಅಮ್ಮ ಅತ್ತ ತಿರುಗಿ ಸೆರಗಿನಿಂದ ಮೂಗೊರೆಸಿಕೊಂಡು, ಖಾರ ಜಾಸ್ತಿಯಾಗಿದೆ ಅಂದಳು. ಅವಳು ಇನ್ನೂ ಉಪ್ಪಿನಕಾಯಿ ಮುಟ್ಟಿರಲಿಲ್ಲ.

ಈಗ ವಾರ್ಡಿನ ಜಪಸರ ನಮ್ಮ ಮನೆಗೆ ಸರದಿಯಂತೆ ಬರುತ್ತದೆ. ಗೋಡೆಯ ಬಣ್ಣದ ಬಗ್ಗೆ ಹಿರಿಯಾಕೆಯ ಟೀಕೆಯೂ ಬರುತ್ತದೆ. ಈ ವರ್ಷ ಬಕೆಟ್ಟು ಹತ್ತೊಂಬತ್ತು ಆಗಿವೆ, ಕಮಿಟಿಯ ನಿರ್ಣಯದಂತೆ. ಉಳಿದ ಸಂಜೆಗಳಲ್ಲಿ ಅಮ್ಮ ಮೊದಲರ್ಧ ಹೇಳುತ್ತಾಳೆ, ಪಕ್ಕದ ಕೋಣೆಯಿಂದ ಉಳಿದರ್ಧವನ್ನು ನಾನು ಹೇಳುತ್ತೇನೆ, ಕೆಂಪು ಪೆನ್ನು ಕೆಳಗಿಡದೆ. ದೇವರ ಬಗ್ಗೆ ನನ್ನ ತೀರ್ಮಾನ ಬದಲಾಗಿಲ್ಲ. ನನ್ನ ಬಗ್ಗೆ ಇದ್ದ ತೀರ್ಮಾನ ಸ್ವಲ್ಪ ಅಲುಗಾಡಿದೆ.

ಅಮ್ಮನಿಗೆ ನನ್ನ ಅನುಮಾನವನ್ನು ನಾನು ಇನ್ನೂ ಹೇಳಿಲ್ಲ. ಅವಳು ತಮ್ಮನನ್ನು ಕ್ಷಮಿಸಿದ್ದಾಳೆ, ಆ ಕ್ಷಮೆಯಿಂದ ಅವಳಿಗೆ ಹಸಿವು ಮರಳಿದೆ. ಕ್ಷಮಿಸಲು ಅಲ್ಲಿ ಏನೂ ಇರಲೇ ಇಲ್ಲವೆಂದಾದರೆ, ಮೂರು ವರ್ಷದ ಆ ಕಾಯುವಿಕೆಯನ್ನು ಅವಳ ಮೇಲೆ ಹೊರಿಸಿದವಳು ನಾನು. ಅದು ಹೌದೋ ಅಲ್ಲವೋ ತಿಳಿದವರು ಒಬ್ಬರೇ.

ಅವತ್ತು ಊಟವಾದ ಮೇಲೆ ಮಾಮ ಕೈ ತೊಳೆಯಲು ಹಿತ್ತಲಿನ ತೊಟ್ಟಿಗೆ ಹೋದರು. ನಾನು ಟವೆಲು ಹಿಡಿದು ಹಿಂದೆ ಹೋದೆ, ಕೇಳಿಯೂ ಬಿಟ್ಟೆ. ಅವರು ನೀರು ಹರಿಯುವುದನ್ನು ನೋಡುತ್ತ ನಿಂತರು. ಆಮೇಲೆ ಟವೆಲು ತೆಗೆದುಕೊಂಡು, ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಒರೆಸಿ, ಮಡಚಿ, ನನ್ನ ಹೆಗಲ ಮೇಲೆ ಹಾಕಿ ಒಳಗೆ ಹೋದರು. ಅದಾದ ಮೇಲೆ ಎಷ್ಟೋ ಸಲ ಬಂದಿದ್ದಾರೆ, ಉಂಡಿದ್ದಾರೆ, ನನ್ನನ್ನು ಗೇಲಿ ಮಾಡಿದ್ದಾರೆ. ನಾನು ಕೇಳಿದ್ದು ಇಷ್ಟೇ:

"ಮಾಮ, ಪಪ್ಪನ ಮಣ್ಣಿನ ದಿನ ಇಲ್ಲಿ ನಿಂತು ಆ ಹತ್ತರ ಮಾತು ಆಡಿದ್ದು ನೀವೇನಾ, ಇಲ್ಲ ನಾನೇ ನಿಮ್ಮ ಬಾಯಿಗೆ ಹಾಕಿದ್ದಾ?"